ಸಿಗರೇಟು ಬಿಡಲು ನಿಕೋಟಿನ್ ಪೌಚ್ ಹಿಡಿದೆ, ಈಗ ಎರಡೂ ಕೈಬಿಡುತ್ತಿಲ್ಲ

ಅರ್ಧದಾರಿ
ಹನ್ನೆರಡು ವರ್ಷ ಸಿಗರೇಟು ಸೇದಿದವನು ನಾನು. ದಿನಕ್ಕೆ 15, ಒತ್ತಡವಿದ್ದ ದಿನ 20. ಏಳು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರು ನಿಕೋಟಿನ್ ಪೌಚಿನ ಡಬ್ಬಿಯೊಂದನ್ನು ಕೈಗಿಟ್ಟರು. ಉಗುರಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಪುಡಿಕೆ. ಮೇಲಿನ ತುಟಿಗೂ ಒಸಡಿಗೂ ನಡುವೆ ಸಿಕ್ಕಿಸಿಕೊಂಡರೆ ಚುರುಚುರು ಎನ್ನುತ್ತದೆ, ಐದು ನಿಮಿಷದಲ್ಲಿ ತಲೆ ಹಗುರವಾಗುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ, ಉಗುಳುವುದೂ ಬೇಡ.

ಲಾಭ ಮೊದಲು ಹೇಳುತ್ತೇನೆ. ಬೆಳಗಿನ ಕೆಮ್ಮು ಬಹುತೇಕ ನಿಂತಿದೆ. ನಾಲ್ಕನೇ ಮಹಡಿಗೆ ಹತ್ತಿದರೂ ಏದುಸಿರಿಲ್ಲ. ಅಂಗಿಯಿಂದ ಹೊಗೆ ನಾರುವುದಿಲ್ಲ. ಸಿಗರೇಟು ದಿನಕ್ಕೆ 3ಕ್ಕೆ ಇಳಿದಿದೆ.

ಇನ್ನು ಉಳಿದದ್ದು. 3 ಮಿಲಿಗ್ರಾಂನಲ್ಲಿ ಶುರು ಮಾಡಿದವನು ಈಗ 6ರಲ್ಲಿದ್ದೇನೆ, ದಿನಕ್ಕೆ ಹತ್ತು ಹನ್ನೆರಡು ಬೇಕು. ಕೆಲವು ರಾತ್ರಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತೇನೆ. ಎಡಗಡೆಯ ಒಸಡು ನೀರಿನಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದೆ. ಬಿಕ್ಕಳಿಕೆ ಬರುತ್ತದೆ, ಕೈ ನಡುಗುತ್ತದೆ, ನಿದ್ದೆ ಸರಿಯಿಲ್ಲ. ಡಬ್ಬಿ ಕೊಟ್ಟವರು "ಇದು ನೀರಿದ್ದ ಹಾಗೆ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಹೆಂಡತಿ "ಅದೇ ದೆವ್ವ, ಬಿಳಿ ಅಂಗಿ ಹಾಕಿಕೊಂಡು ಬಂದಿದೆ" ಎನ್ನುತ್ತಾಳೆ. ನಾನು ಗೆದ್ದಿದ್ದೇನೆಯೋ ಸೋತಿದ್ದೇನೆಯೋ? ಗೊತ್ತಿರುವವರು ಹೇಳಿ. ಉಪದೇಶ ಬೇಡ, ಅದು ಮನೆಯಲ್ಲೇ ಸಿಗುತ್ತದೆ.

ಕೊಡೆಮರೆತವ
ಬಿಡಲು ಹಿಡಿದೆ ಎನ್ನುತ್ತೀರಿ, ದಿನಕ್ಕೆ ಮೂರು ಸೇದುತ್ತೀರಿ. ಮೊದಲು ಆ ಲೆಕ್ಕ ಸರಿಮಾಡಿಕೊಳ್ಳಿ.

ಮೂರನೇಬೆಂಚು
ನಿಮ್ಮ ಹೆಂಡತಿಯವರನ್ನೇ ಇಲ್ಲಿಗೆ ಕರೆತನ್ನಿ, ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮಾತ್ರೆಚೀಟಿ
ಔಷಧ ವಿತರಕನಾಗಿ 19 ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ತಪ್ಪು, ಮನೆಯವರು ಹೇಳಿದ್ದು ಅರ್ಧ ಸರಿ.

ಪೌಚಿನೊಳಗೆ ಇರುವುದು ಸಸ್ಯದ ನಾರು, ನಿಕೋಟಿನ್, ಸಿಹಿ, ಪರಿಮಳ ಮತ್ತು ಸೋಡಿಯಂ ಕಾರ್ಬೊನೇಟ್‌ನಂಥ ಕ್ಷಾರ. ತಂಬಾಕಿನ ಎಲೆ ಇಲ್ಲ. ನಿಕೋಟಿನ್ ಮಾತ್ರ ತಂಬಾಕಿನಿಂದ ತೆಗೆದದ್ದಿರಬಹುದು, ಪ್ರಯೋಗಾಲಯದಲ್ಲಿ ತಯಾರಿಸಿದ್ದಿರಬಹುದು. ನಿಮಗೆ ಚುರುಗುಟ್ಟುವುದಕ್ಕೆ ದೊಡ್ಡ ಕಾರಣ ಆ ಕ್ಷಾರ. ಬಾಯಿಯೊಳಗೆ ಕ್ಷಾರ ಹೆಚ್ಚಾದಷ್ಟೂ ನಿಕೋಟಿನ್ ಒಸಡಿನ ಚರ್ಮ ದಾಟಿ ರಕ್ತಕ್ಕೆ ಬೇಗ ಸೇರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಮಿಲಿಗ್ರಾಂ ಒಂದನ್ನೇ ನೋಡಿ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸಲು ಆಗುವುದಿಲ್ಲ.

ಸಿಗರೇಟಿನಲ್ಲಿ ಕೊಲ್ಲುವುದು ಮುಖ್ಯವಾಗಿ ಸುಡುವ ಕ್ರಿಯೆ. ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಜೊತೆಗೆ ಟಾರ್, ಕಾರ್ಬನ್ ಮೊನಾಕ್ಸೈಡ್. ಪೌಚಿನಲ್ಲಿ ಉರಿಯುವುದೇ ಇಲ್ಲವಾದ್ದರಿಂದ ಅವು ನಿಮ್ಮ ಶ್ವಾಸಕೋಶಕ್ಕೆ ಹೋಗುವುದಿಲ್ಲ. ಕೆಮ್ಮು ನಿಂತದ್ದು ಅದಕ್ಕೇ. ಸಿಗರೇಟನ್ನು ಪೂರ್ತಿ ಬಿಟ್ಟು ಪೌಚಿಗೆ ಬಂದವರಿಗೆ ಅಪಾಯ ಬಹಳ ಇಳಿಯುತ್ತದೆ ಎಂದು ನಾನು ನಂಬುತ್ತೇನೆ. ಆ "ಪೂರ್ತಿ" ಎಂಬ ಪದವನ್ನು ಎರಡು ಸಲ ಓದಿ.

ಗೋಡೆಗಡಿಯಾರ
ಮಾತ್ರೆಚೀಟಿಯವರೇ, ಇದನ್ನು ಮಾರುವವರು ಯಾರೆಂದೂ ಹೇಳಿಬಿಡಿ. ಝಿನ್ ಎಂಬ ಪೌಚ್ ತಯಾರಿಸುವ ಸ್ವೀಡಿಷ್ ಮ್ಯಾಚ್ ಕಂಪನಿಯನ್ನು 2022ರಲ್ಲಿ ಕೊಂಡುಕೊಂಡದ್ದು ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್. ವೆಲೋ ಪೌಚ್ ಮಾರುವುದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಸಿಗರೇಟಿಗೆ ಪರಿಹಾರ. ನಲವತ್ತು ವರ್ಷ ಸೇದಿದ ಅಜ್ಜನಿಗೆ ಪುದೀನ, ಹಣ್ಣು, ದಾಲ್ಚಿನ್ನಿಯ ರುಚಿ ಯಾಕೆ ಬೇಕು ಸ್ವಾಮಿ? ಆ ರುಚಿಗಳು ಯಾರಿಗಾಗಿ?

ಮಾತ್ರೆಚೀಟಿ
ರುಚಿಯ ಬಗ್ಗೆ ನಿಮ್ಮ ಅನುಮಾನ ನನಗೂ ಇದೆ. ಆದರೆ ಮಾರುವವನು ಯಾರು ಎಂಬುದು ಒಂದು ಪ್ರಶ್ನೆ, ಒಳಗೆ ಏನಿದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಬೇಡಿ.

ಪದಕುತೂಹಲಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಅರ್ಧದಾರಿಯವರು ಒಂದು ಕಡೆ "ಪುಡಿಕೆ" ಎಂದು ಬರೆದಿದ್ದಾರೆ. ಎಲ್ಲರೂ ಅದನ್ನೇ ಬಳಸಬಾರದೇಕೆ? ಪೌಚ್ ಎಂದರೆ ಕನ್ನಡಕದ ಚೀಲದ ನೆನಪಾಗುತ್ತದೆ.

ಮೂರನೇಬೆಂಚು
ಪುಡಿಕೆ ಎಂದರೆ ಕಡಲೆಬೀಜದ ನೆನಪಾಗುತ್ತದೆ. ಸಂಚಿ?

ಪದಕುತೂಹಲಿ
ಸಂಚಿ ದೊಡ್ಡದು, ಅದಕ್ಕೆ ದಾರ ಇರಬೇಕು.

ಕೊಡೆಮರೆತವ
ಇಲ್ಲಿ ಒಬ್ಬರ ಒಸಡು ಸುಕ್ಕುಗಟ್ಟಿದೆ, ನೀವು ನಿಘಂಟು ತೆಗೆದಿದ್ದೀರಿ.

ಬಾಯಿಕನ್ನಡಿ
ಒಸಡಿನ ವಿಷಯಕ್ಕೆ ನಾನು ಬರುತ್ತೇನೆ, ದಿನವೂ ನೋಡುವುದು ಅದನ್ನೇ. ಅರ್ಧದಾರಿಯವರೇ, ಒಂದೇ ಜಾಗದಲ್ಲಿ ದಿನಕ್ಕೆ ಹತ್ತು ಸಲ, ಒಂದೊಂದು ಸಲ ಅರ್ಧ ಗಂಟೆ ಕ್ಷಾರದ ವಸ್ತುವನ್ನು ಒತ್ತಿಟ್ಟರೆ ಅಲ್ಲಿನ ಪದರ ದಪ್ಪವಾಗಿ ಬೆಳ್ಳಗಾಗುತ್ತದೆ. ಸ್ವೀಡನ್ನಿನಲ್ಲಿ ತುಟಿಯಡಿ ಇಡುವ ಸ್ನೂಸ್ ಎಂಬ ತಂಬಾಕು ಬಳಸುವವರಲ್ಲಿ ಇದು ಹಳೆಯ ಸಂಗತಿ, ಹೆಚ್ಚಿನವರಲ್ಲಿ ಬಿಟ್ಟ ಮೇಲೆ ಮಾಯುತ್ತದೆ. ಆದರೆ ಒಸಡು ಹಲ್ಲಿನಿಂದ ಹಿಂದೆ ಸರಿದಿದ್ದರೆ ಅದು ತಾನಾಗಿ ಮೊದಲಿನ ಜಾಗಕ್ಕೆ ಬರುವುದಿಲ್ಲ. ಹಲ್ಲಿನ ಬುಡ ಬರಿದಾಗಿ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ.

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ತುಟಿ ಎತ್ತಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಜಾಗಕ್ಕೆ ಪೂರ್ತಿ ವಿಶ್ರಾಂತಿ ಕೊಡಿ. ಎರಡು ವಾರದ ನಂತರವೂ ಬಿಳಿ ಮಚ್ಚೆ ಹಾಗೆಯೇ ಇದ್ದರೆ, ಅಥವಾ ನಡುವೆ ಕೆಂಪು, ಹುಣ್ಣು, ಗಟ್ಟಿ ಗಂಟು ಕಂಡರೆ, ದಂತವೈದ್ಯರಿಗೆ ತೋರಿಸಲೇಬೇಕು. ನೀವು ಹನ್ನೆರಡು ವರ್ಷ ಸೇದಿದವರು, ಇದನ್ನೆಲ್ಲ ಪೌಚಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ. ಇನ್ನೊಂದು: ನಿಕೋಟಿನ್ ರಕ್ತನಾಳವನ್ನು ಸಂಕುಚಿತಗೊಳಿಸುತ್ತದೆ. ಹಲ್ಲು ಕೀಳಿಸುವಾಗ, ಇಂಪ್ಲಾಂಟ್ ಹಾಕಿಸುವಾಗ ಗಾಯ ನಿಧಾನವಾಗಿ ಮಾಯುತ್ತದೆ. ವೈದ್ಯರು "ಸೇದುತ್ತೀರಾ?" ಎಂದು ಕೇಳಿದರೆ ಜನ "ಇಲ್ಲ" ಎನ್ನುತ್ತಾರೆ, ಪೌಚಿನ ವಿಷಯ ಬಾಯಿ ಬಿಡುವುದಿಲ್ಲ. ಬಾಯಿ ತೆರೆದು ಕುಳಿತಿರುವಾಗಲೂ!

ಉತ್ತರಗಾಳಿ
ಸ್ವೀಡನ್ನಿನ ಹೆಸರು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಯುರೋಪಿನಲ್ಲೇ ಅತಿ ಕಡಿಮೆ ಸಿಗರೇಟು ಸೇದುವ ದೇಶಗಳಲ್ಲಿ ಅದೊಂದು. ಅಲ್ಲಿನ ಗಂಡಸರು ದಶಕಗಳಿಂದ ಸ್ನೂಸ್ ತುಟಿಯಡಿ ಇಟ್ಟುಕೊಂಡಿದ್ದಾರೆ, ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ. ಯುರೋಪಿನ ಒಕ್ಕೂಟ 1992ರಲ್ಲಿ ಸ್ನೂಸ್ ಮಾರಾಟ ನಿಷೇಧಿಸಿತು, 1995ರಲ್ಲಿ ಸ್ವೀಡನ್ ಒಕ್ಕೂಟ ಸೇರುವಾಗ ವಿನಾಯಿತಿ ಪಡೆದೇ ಸೇರಿತು. ಇನ್ನೇನು ಸಾಕ್ಷಿ ಬೇಕು?

ಮಾತ್ರೆಚೀಟಿ
ಇನ್ನೂ ಸ್ವಲ್ಪ ಬೇಕು. ಸ್ನೂಸ್ ಎಂದರೆ ಹಬೆಯಲ್ಲಿ ಬೇಯಿಸಿದ ತಂಬಾಕು, ಪೌಚಿನಲ್ಲಿ ತಂಬಾಕಿಲ್ಲ. ಎರಡೂ ತುಟಿಯಡಿ ಕೂರುತ್ತವೆ ಎಂದ ಮಾತ್ರಕ್ಕೆ ಒಂದರ ದಶಕಗಳ ದಾಖಲೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಪೌಚಿನಲ್ಲಿ ಕ್ಯಾನ್ಸರ್‌ಕಾರಕಗಳು ಸ್ನೂಸಿಗಿಂತಲೂ ಕಡಿಮೆ ಎಂಬುದು ಅದರ ಪರವಾದ ಮಾತು. ಆದರೆ ಝಿನ್ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 2014ರಲ್ಲಿ. ಇಪ್ಪತ್ತು ಮೂವತ್ತು ವರ್ಷ ಪೌಚನ್ನೇ ಬಳಸಿದ ಮನುಷ್ಯ ಭೂಮಿಯ ಮೇಲೆ ಇನ್ನೂ ಇಲ್ಲ. ಕಾಯಿಲೆ ಇದೆಯೇ ಎಂದು ಯಾರನ್ನು ಪರೀಕ್ಷಿಸುತ್ತೀರಿ?

ಉತ್ತರಗಾಳಿ
ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ಝಿನ್‌ನ 20 ಉತ್ಪನ್ನಗಳಿಗೆ ಅನುಮತಿ ಕೊಟ್ಟಿದೆಯಲ್ಲ? ಅವರೇನು ಕಣ್ಣು ಮುಚ್ಚಿ ಕೊಟ್ಟರೇ?

ಗೋಡೆಗಡಿಯಾರ
ಮಾರಲು ಅನುಮತಿ ಕೊಟ್ಟರು, ಸುರಕ್ಷಿತ ಎಂದು ಮುದ್ರೆ ಒತ್ತಲಿಲ್ಲ. ಸುರಕ್ಷಿತವಾದ ತಂಬಾಕು ಉತ್ಪನ್ನ ಯಾವುದೂ ಇಲ್ಲ, ಬಳಸದವರು ಶುರು ಮಾಡಬಾರದು ಎಂದು ಅದೇ ಪ್ರಕಟಣೆಯಲ್ಲಿ ಹೇಳಿದ್ದಾರೆ. ಅದನ್ನು ಓದದೆ ಶೀರ್ಷಿಕೆ ಮಾತ್ರ ಹಂಚುವವರೇ ಹೆಚ್ಚು.

ಮಾತ್ರೆಚೀಟಿ
ಗಡಿಯಾರದವರು ಸರಿ. ಆದರೆ ಅನುಮತಿಯ ಕಾರಣವನ್ನೂ ಹೇಳಬೇಕು. ಹಾನಿಕಾರಕ ವಸ್ತುಗಳು ಸಿಗರೇಟಿಗಿಂತ ಬಹಳ ಕಡಿಮೆ, ಸೇದುವವರಲ್ಲಿ ಗಣನೀಯ ಸಂಖ್ಯೆಯವರು ಪೂರ್ತಿ ಇದಕ್ಕೆ ಬದಲಾಗಿದ್ದಾರೆ, ಮಕ್ಕಳಲ್ಲಿ ಬಳಕೆ ಸದ್ಯಕ್ಕೆ ಕಡಿಮೆ. ಮೂರನ್ನೂ ತೂಗಿ ಕೊಟ್ಟದ್ದು. 2024ರ ಅಲ್ಲಿನ ಸಮೀಕ್ಷೆಯಲ್ಲಿ ಶಾಲಾ ಮಕ್ಕಳ ಪೈಕಿ ಪೌಚ್ ಬಳಸುವವರು ಶೇ. 1.8. ಅನುಮತಿ ಸಿಕ್ಕಿದ್ದು ಕೂಡ 3 ಮತ್ತು 6 ಮಿಲಿಗ್ರಾಂನವುಗಳಿಗೆ. ಇದರ ಎರಡು ಮೂರು ಪಟ್ಟು ಪ್ರಬಲವಾದವೂ ಪ್ರಪಂಚದಲ್ಲಿ ಮಾರಾಟವಾಗುತ್ತಿವೆ, ಅವಕ್ಕೂ ಈ ಅನುಮತಿಗೂ ಸಂಬಂಧವಿಲ್ಲ.

ರಾತ್ರಿಪಾಳಿ
ನನ್ನದು ಬೇರೆ ಕಥೆ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಜೀವನದಲ್ಲಿ ಒಂದು ಸಿಗರೇಟೂ ಸೇದಿಲ್ಲ. ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರಲು, ಗಮನ ಹೆಚ್ಚುತ್ತದೆ ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಕೇಳಿ ಪೌಚ್ ಇಟ್ಟುಕೊಂಡೆ. ಮೊದಲ ದಿನ ತಲೆ ತಿರುಗಿ, ವಾಂತಿ ಬಂದು, ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬುದ್ಧಿ ಇದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು "ಅಭ್ಯಾಸವಾಗುತ್ತದೆ" ಎಂದುಕೊಂಡೆ. ಆಯಿತು.

ಮೊದಲ ಎರಡು ವಾರ ನಿಜಕ್ಕೂ ಚುರುಕಾಗಿದ್ದೆ. ಈಗ ಎಂಟು ತಿಂಗಳು. ಪೌಚ್ ಇದ್ದರೆ ಮೊದಲಿನ ನಾನು. ಇಲ್ಲದಿದ್ದರೆ ಒಂದು ಇಮೇಲ್ ಓದಿ ಮುಗಿಸಲು ಮೂರು ಸಲ ಹಿಂದಕ್ಕೆ ಹೋಗುವ, ಎಲ್ಲರ ಮೇಲೂ ಸಿಡುಕುವ ನಾನು. ಎಂಟು ತಿಂಗಳ ಹಿಂದೆ ಬಿಟ್ಟಿಯಾಗಿ ಸಿಗುತ್ತಿದ್ದ ಗಮನಕ್ಕೆ ಈಗ ಬಾಡಿಗೆ ಕಟ್ಟುತ್ತಿದ್ದೇನೆ.

ಗೋಡೆಗಡಿಯಾರ
ನಾನು ಹೇಳುತ್ತಿರುವುದು ಇದನ್ನೇ. ರಾತ್ರಿಪಾಳಿಯವರಿಗೆ ಇದು ಯಾವುದಕ್ಕೆ ಬದಲಿ? ಯಾವುದಕ್ಕೂ ಅಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗೆ.

ಮಾತ್ರೆಚೀಟಿ
ಇದರಲ್ಲಿ ನನಗೆ ತಕರಾರಿಲ್ಲ. ಸೇದದವರಿಗೆ ಪೌಚಿನಿಂದ ಬರುವುದು ನಷ್ಟ ಮಾತ್ರ. ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ, ಆ ವಯಸ್ಸಿನಲ್ಲಿ ಚಟ ಬೇಗ ಅಂಟುತ್ತದೆ. ಗರ್ಭಿಣಿಯರು ಹತ್ತಿರಕ್ಕೂ ಹೋಗಬಾರದು, ನಿಕೋಟಿನ್ ಮಗುವಿನ ಮಿದುಳಿಗೂ ಶ್ವಾಸಕೋಶಕ್ಕೂ ಕೇಡು. ಎದೆಬಡಿತ, ರಕ್ತದೊತ್ತಡ ಏರಿಸುವ ವಸ್ತುವಾದ್ದರಿಂದ ಹೃದ್ರೋಗಿಗಳು ವೈದ್ಯರನ್ನು ಕೇಳದೆ ಮುಟ್ಟಬಾರದು.

ಆದರೆ 15 ಸಿಗರೇಟು ಸೇದುತ್ತಿದ್ದವರಿಗೆ ನಮ್ಮಲ್ಲಿ ಗಾದೆಯೇ ಇದೆಯಲ್ಲ, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ.

ಗೋಡೆಗಡಿಯಾರ
ಮೆಳ್ಳೆಗಣ್ಣನ್ನು ಪುದೀನ ರುಚಿ ಹಾಕಿ ಮಾರುವವರನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ.

ಅರ್ಧದಾರಿ
ಎಲ್ಲರಿಗೂ ಧನ್ಯವಾದ. ಫೋಟೋ ತೆಗೆದೆ, ನಾನೇ ಬೆಚ್ಚಿಬಿದ್ದೆ. ಬಲಗಡೆಯ ಒಸಡು ಗುಲಾಬಿ, ಎಡಗಡೆ ಹಳೆಯ ಗೋಡೆಯ ಸುಣ್ಣ. ಆದರೆ ಮಾತ್ರೆಚೀಟಿಯವರ "ಪೂರ್ತಿ" ನನಗೆ ಚುಚ್ಚುತ್ತಿದೆ. ಹದಿನೈದರಿಂದ ಮೂರಕ್ಕೆ ಇಳಿದದ್ದು ಏನೂ ಅಲ್ಲವೇ? ಶೇ. 80 ಕಡಿಮೆಯಾಯಿತಲ್ಲ?

ಮಾತ್ರೆಚೀಟಿ
ಸಿಗರೇಟು ಶೇ. 80 ಕಡಿಮೆಯಾಗಿದೆ, ಅಪಾಯ ಅಷ್ಟು ಕಡಿಮೆಯಾಗಿಲ್ಲ. ಹೃದಯ ತ್ರೈರಾಶಿ ಲೆಕ್ಕ ಕಲಿತಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರ ಹೆಚ್ಚುಕಡಿಮೆ ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಹೆಚ್ಚುತ್ತದೆ. ನೀವು ಮೂರು ಸೇದುತ್ತೀರಿ, ಮೇಲೆ ಹನ್ನೆರಡು ಪೌಚು. ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದ್ದೀರಿ. ಶ್ವಾಸಕೋಶಕ್ಕೆ ಲಾಭವಾಗಿದೆ, ಅದು ನಿಜ. ಆ ಮೂರು ಹೋಗದೆ ಉಳಿದ ಲಾಭ ನಿಮ್ಮ ಕೈಗೆ ಬರುವುದಿಲ್ಲ.

ಕೊಡೆಮರೆತವ
ನಾನು ಎರಡನೇ ಸಾಲಿನಲ್ಲೇ ಹೇಳಿದ್ದೆ.

ತೊಟ್ಟಿಲುಹಗ್ಗ
ಒಂದು ವಿಷಯ ಯಾರೂ ಎತ್ತಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ದಯವಿಟ್ಟು ಓದಿ.

ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ಬಳಸಿದ ಪೌಚನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲೆ ಬಿಟ್ಟಿದ್ದರು. ನನ್ನ ಒಂದೂವರೆ ವರ್ಷದ ಮಗಳು ಅದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಸಿಹಿ, ಪುದೀನ, ಮಿಠಾಯಿಯೇ ಎಂದುಕೊಂಡಿರಬೇಕು. ನಾನು ಬೆರಳು ಹಾಕಿ ತೆಗೆಯುವಷ್ಟರಲ್ಲಿ ಜೊಲ್ಲು ಸುರಿಯುತ್ತಿತ್ತು. ಹತ್ತು ನಿಮಿಷದಲ್ಲಿ ಎರಡು ಸಲ ವಾಂತಿ, ಮುಖ ಬಿಳುಚಿ ತಣ್ಣಗಾಯಿತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಎದೆಬಡಿತ ನೋಡುತ್ತ ಇರಿಸಿಕೊಂಡರು. ಬೆಳಿಗ್ಗೆ ಎದ್ದು ಬಿಸ್ಕತ್ತು ಕೇಳಿದಳು, ನಾನು ಅತ್ತುಬಿಟ್ಟೆ. "ಬಳಸಿ ಬಿಸಾಡಿದ್ದಲ್ಲವೇ, ಅದರಲ್ಲೇನಿರುತ್ತದೆ" ಎಂದು ನೆಂಟರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬಳಸಿದ ಪೌಚಿನಲ್ಲೂ ಸಾಕಷ್ಟು ನಿಕೋಟಿನ್ ಉಳಿದಿರುತ್ತದೆ ಎಂದು ಡಾಕ್ಟರ್ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಬಾಯಿಕನ್ನಡಿ
ಓದುವಾಗ ಮೈ ನಡುಗಿತು. ಅನೇಕ ಡಬ್ಬಿಗಳ ಮುಚ್ಚಳದಲ್ಲಿ ಬಳಸಿದ್ದನ್ನು ಹಾಕಿಡಲು ಪುಟ್ಟ ಖಾನೆ ಇರುತ್ತದೆ, ಅದು ಇದಕ್ಕೇ. ಡಬ್ಬಿಯನ್ನು ಮಾತ್ರೆಗಳ ಹಾಗೆ ಎತ್ತರದಲ್ಲಿಡಿ. ಮಗು ಬಾಯಿಗೆ ಹಾಕಿಕೊಂಡರೆ ಲಕ್ಷಣ ಬರಲಿ ಎಂದು ಕಾಯುವುದು ಬೇಡ, ವಾಂತಿ ಮಾಡಿಸುವುದೂ ಬೇಡ, ಬಾಯಿಯಲ್ಲಿದ್ದದ್ದನ್ನು ತೆಗೆದು ನೇರವಾಗಿ ಆಸ್ಪತ್ರೆಗೆ. ನಾಯಿ ಬೆಕ್ಕು ಸಾಕಿದವರಿಗೂ ಇದೇ ಮಾತು.

ಅರ್ಧದಾರಿ
ನನ್ನ ಮಗನಿಗೆ ನಾಲ್ಕು ವರ್ಷ. ಈಗಷ್ಟೇ ಎದ್ದು ಹೋಗಿ ದಿಂಬಿನ ಕೆಳಗಿನ ಡಬ್ಬಿಯನ್ನು ಕಪಾಟಿನ ಮೇಲಿಟ್ಟು ಬಂದೆ. ಸೋಫಾದ ಸಂದಿಯಲ್ಲಿ ಒಣಗಿ ಹಳದಿಯಾದ ಎರಡು ಸಿಕ್ಕವು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೂರನೇಬೆಂಚು
ಹೇಳಬೇಡಿ. ಅವರಿಗೆ ಗೊತ್ತಿರುತ್ತದೆ.

ರಾತ್ರಿಪಾಳಿ
ಅರ್ಧದಾರಿಯವರ ಕೈ ನಡುಕಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನಗೂ ಇದೆ.

ಮಾತ್ರೆಚೀಟಿ
ಅರ್ಧದಾರಿಯವರೇ, ದಿನಕ್ಕೆ ಎಷ್ಟು ಕಾಫಿ?

ಅರ್ಧದಾರಿ
ಐದು. ಮೊದಲಿನಿಂದಲೂ ಅಷ್ಟೇ. ಯಾಕೆ?

ಮಾತ್ರೆಚೀಟಿ
ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ. ಕೆಫೀನನ್ನು ಒಡೆದು ಹೊರಹಾಕುವುದು ಅದೇ ಕಿಣ್ವ. ಆದ್ದರಿಂದ ಸೇದುವವರ ಮೈಯಲ್ಲಿ ಕಾಫಿ ಬೇಗ ಕರಗುತ್ತದೆ. ಈ ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಪೌಚಿಗೆ ಬಂದಿರಿ, ಹೊಗೆ ಇಳಿಯಿತು, ಕಿಣ್ವ ನಿಧಾನವಾಯಿತು, ಕಾಫಿ ಮಾತ್ರ ಐದಕ್ಕೇ ನಿಂತಿತು. ಅದೇ ಐದು ಲೋಟ ಈಗ ನಿಮ್ಮ ರಕ್ತದಲ್ಲಿ ಏಳೆಂಟು ಲೋಟದಂತೆ ವರ್ತಿಸುತ್ತಿರಬಹುದು. ಮೇಲೆ 6 ಮಿಲಿಗ್ರಾಂ ನಿಕೋಟಿನ್. ಕೈ ನಡುಗದೆ ಇನ್ನೇನು ಮಾಡೀತು?

ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ಉಬ್ಬಸದ ಥಿಯೋಫಿಲಿನ್, ಮಾನಸಿಕ ಕಾಯಿಲೆಯ ಕ್ಲೊಜಪಿನ್‌ನಂಥ ಔಷಧಿಗಳಿಗೂ ಇದೇ ಲೆಕ್ಕ. ಅವನ್ನು ನುಂಗುವವರು ಸಿಗರೇಟು ಬಿಡುವ ಮುಂಚೆ ವೈದ್ಯರಿಗೆ ಹೇಳಲೇಬೇಕು, ಪ್ರಮಾಣ ಬದಲಿಸಬೇಕಾಗುತ್ತದೆ. ರಾತ್ರಿಪಾಳಿಯವರೇ, ನೀವು ಸೇದಿದವರಲ್ಲ, ನಿಮ್ಮ ನಡುಕ ಬಹುಶಃ ನಿಕೋಟಿನ್ನಿನದೇ.

ಅರ್ಧದಾರಿ
ಏಳು ತಿಂಗಳಿನಿಂದ ಪೌಚನ್ನು ಬೈಯುತ್ತಿದ್ದೆ, ಕಾಫಿ ಲೋಟ ಹಿಡಿದುಕೊಂಡೇ ಬೈಯುತ್ತಿದ್ದೆ!

ಉತ್ತರಗಾಳಿ
ಬಿಕ್ಕಳಿಕೆಗೆ ನಾನು ಹೇಳುತ್ತೇನೆ, ಅನುಭವದ ಮಾತು. ಪೌಚ್ ಹಾಕಿದ ಮೊದಲ ಐದು ನಿಮಿಷ ಬರುವ ಜೊಲ್ಲನ್ನು ಗಟಗಟ ನುಂಗಿದರೆ ಗಂಟಲಿಗೂ ಹೊಟ್ಟೆಗೂ ಉರಿ ಹತ್ತಿ ಬಿಕ್ಕಳಿಕೆ ಬರುತ್ತದೆ. ನಾಲಿಗೆಯಿಂದ ಆಡಿಸಬೇಡಿ, ಖಾಲಿ ಹೊಟ್ಟೆಯಲ್ಲಿ ಹಾಕಬೇಡಿ.

ಗೋಡೆಗಡಿಯಾರ
ಚೆನ್ನಾಗಿದೆ. ಬಿಡುವುದು ಹೇಗೆ ಎಂದು ಕೇಳಿದವರಿಗೆ ಸುಖವಾಗಿ ಬಳಸುವುದು ಹೇಗೆ ಎಂದು ಪಾಠ.

ಉತ್ತರಗಾಳಿ
ಅವರು ಕೇಳಿದ್ದು ಬಿಡುವುದು ಹೇಗೆ ಎಂದಲ್ಲ, ಗೆದ್ದೆನೋ ಸೋತೆನೋ ಎಂದು. ಮೇಲೆ ಹೋಗಿ ಓದಿ.

ಅರ್ಧದಾರಿ
ಜಗಳ ಬೇಡ, ಈಗ ಕೇಳುತ್ತಿದ್ದೇನೆ. ಬಿಡುವುದು ಹೇಗೆ?

ಮಾತ್ರೆಚೀಟಿ
ಮೊದಲು ಸಿಗರೇಟು, ಆಮೇಲೆ ಪೌಚು. ಎರಡನ್ನೂ ಒಂದೇ ದಿನ ಬಿಡಲು ಹೋಗಿ ಎರಡಕ್ಕೂ ಮರಳಿದವರನ್ನು ಬಹಳ ನೋಡಿದ್ದೇನೆ. ಆ ಮೂರು ಸಿಗರೇಟು ಯಾವ ಹೊತ್ತಿನವು ನೋಡಿ. ಊಟದ ನಂತರದ್ದು, ಕಚೇರಿಯಿಂದ ಹೊರಬಿದ್ದ ಕೂಡಲೇ ಒಂದು, ಹೀಗೆ ಇರಬೇಕು. ಆ ಹೊತ್ತಿಗೆ ಸರಿಯಾಗಿ ಪೌಚ್ ಹಾಕಿ, ಉಳಿದ ಹೊತ್ತಿನದನ್ನು ಕಡಿಮೆ ಮಾಡಿ. ತಡೆಯಲಾರದ ಬಯಕೆ ಮೊದಲ ಎರಡು ಮೂರು ದಿನ ಜೋರಾಗಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಸಡಿಲವಾಗುತ್ತದೆ.

ಸಿಗರೇಟು ಸೊನ್ನೆಯಾಗಿ ಒಂದು ತಿಂಗಳು ಕಳೆದ ಮೇಲೆ 6ರಿಂದ 3ಕ್ಕೆ. ರಾತ್ರಿಯದನ್ನು ಮಾತ್ರ ಇಂದೇ ನಿಲ್ಲಿಸಿ. ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಬೇಕು, ಬಾಯಲ್ಲಿಟ್ಟು ಮಲಗಿದರೆ ಮಿದುಳಿಗೆ ವಿರಾಮವೇ ಇಲ್ಲ.

ಇದರಿಂದ ಆಗದಿದ್ದರೆ ವೈದ್ಯರ ಬಳಿ ಹೋಗಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮತ್ತು ಚ್ಯೂಯಿಂಗ್ ಗಮ್ 2009ರಿಂದ, ವರೆನಿಕ್ಲಿನ್ ಮತ್ತು ಬ್ಯುಪ್ರೊಪಿಯಾನ್ ಎಂಬ ಮಾತ್ರೆಗಳು 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಸಿಗರೇಟು ಬಿಡಿಸುತ್ತವೆಯೇ ಎಂದು ಇವನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ಪೌಚಿಗೆ ಆ ಹಿನ್ನೆಲೆ ಇಲ್ಲ. ನಿಜ ಹೇಳಬೇಕೆಂದರೆ ಏಳು ತಿಂಗಳ ಹಿಂದೆ ನೀವು ನನ್ನನ್ನು ಕೇಳಿದ್ದರೆ ನಿಕೋಟಿನ್ ಪಟ್ಟಿಯನ್ನೇ ಕೊಡುತ್ತಿದ್ದೆ.

ಗೋಡೆಗಡಿಯಾರ
ಈ ಉತ್ತರಕ್ಕೆ ನನ್ನ ತಕರಾರಿಲ್ಲ. ದಿನಾಂಕ ಬರೆದಿಟ್ಟುಕೊಳ್ಳಿ, ಇದು ಮತ್ತೆ ಆಗುವುದಿಲ್ಲ.

ರಾತ್ರಿಪಾಳಿ
ನನಗೆ ಸಿಗರೇಟೇ ಇಲ್ಲವಲ್ಲ, ನಾನು ಎಲ್ಲಿಂದ ಶುರು ಮಾಡಲಿ?

ಮಾತ್ರೆಚೀಟಿ
ನೀವು ನೇರವಾಗಿ ಎರಡನೇ ಭಾಗಕ್ಕೆ. ಒಂದು ಪೌಚಿಗೂ ಇನ್ನೊಂದಕ್ಕೂ ನಡುವಿನ ಅಂತರವನ್ನು ದಿನಕ್ಕೆ ಹತ್ತು ನಿಮಿಷ ಹಿಗ್ಗಿಸುತ್ತ ಹೋಗಿ. ಪಾಳಿ ಬದಲಾಗಲು ಸಾಧ್ಯವೇ ಎಂದೂ ಕೇಳಿ, ನಿದ್ದೆಗೆಟ್ಟ ಮಿದುಳಿಗೆ ಪೌಚು ನಿದ್ದೆ ಕೊಡುವುದಿಲ್ಲ.

ಅರ್ಧದಾರಿ
ಹದಿನೇಳು ದಿನದ ನಂತರ ಬರೆಯುತ್ತಿದ್ದೇನೆ. ಸಿಗರೇಟು ನಿಲ್ಲಿಸಿ ಹನ್ನೊಂದು ದಿನವಾಯಿತು. ನಡುವೆ ಒಂದು ಸಂಜೆ ಅರ್ಧ ಸೇದಿದೆ, ಅದನ್ನು ಮುಚ್ಚಿಡುವುದಿಲ್ಲ, ಎಣಿಕೆ ಮತ್ತೆ ಒಂದರಿಂದ ಶುರು ಮಾಡಿದ್ದು ಅದಕ್ಕೇ. ಕಾಫಿ ಎರಡಕ್ಕೆ ಇಳಿದಿದೆ, ನಾಲ್ಕನೇ ದಿನದಿಂದಲೇ ಕೈ ನಡುಕ ನಿಂತಿತು. ಪೌಚು ದಿನಕ್ಕೆ ಎಂಟು, ರಾತ್ರಿ ಇಲ್ಲ. ದಂತವೈದ್ಯರು ನೋಡಿದರು. ಬಿಳಿ ಮಚ್ಚೆ ಅರ್ಧದಷ್ಟು ಮಾಸಿದೆ, ಆದರೆ ಎಡಗಡೆಯ ಒಂದು ಹಲ್ಲಿನ ಬಳಿ ಒಸಡು ಸರಿದಿದೆಯಂತೆ, ಅದು ಹಾಗೆಯೇ ಉಳಿಯುತ್ತದೆ. ಇನ್ನು ಹತ್ತು ದಿನಕ್ಕೆ ಮತ್ತೆ ಬರಲು ಹೇಳಿದ್ದಾರೆ.

ಹೆಂಡತಿ ಈಗ ರಾತ್ರಿ ಡಬ್ಬಿಯ ಮುಚ್ಚಳ ತೆರೆದು ಬಳಸಿದ ಪುಡಿಕೆಗಳನ್ನು ಎಣಿಸುತ್ತಾಳೆ. ನಿನ್ನೆ ಎಂಟು ಇರಬೇಕಿತ್ತು, ಏಳು ಸಿಕ್ಕವು. ಇಬ್ಬರೂ ಸೇರಿ ಸೋಫಾ ಎತ್ತಿ ಹುಡುಕಿದೆವು. ನನ್ನ ಅಂಗಿಯ ಜೇಬಿನಲ್ಲಿತ್ತು.

ಪದಕುತೂಹಲಿ
"ಬಳಸಿದ ಪುಡಿಕೆಗಳನ್ನು" ಎಂದು ಬರೆದಿದ್ದೀರಿ. ಗಮನಿಸಿದ್ದೇನೆ.

ಕೊಡೆಮರೆತವ
ಇವರನ್ನು ಯಾರಾದರೂ ಹೊರಗೆ ಕಳಿಸಿ.